ಒತ್ತೆಯಾದ ಸೀಮೆ: ಕೋಲಾರದ ಬಯಲಿನಲ್ಲಿ ನೆರೆರಾಜ್ಯಗಳ ಬಲಾಬಲ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಹರಡಿಕೊಂಡಿರುವ ಬಯಲು ಮೈಸೂರು ಪ್ರಸ್ಥಭೂಮಿಯ ಮೂಡಣ ಅಂಚು. ಇಲ್ಲಿಂದ ಪೂರ್ವಕ್ಕೂ ದಕ್ಷಿಣಕ್ಕೂ ನೆಲ ಘಟ್ಟಗಳಾಗಿ ಇಳಿದು ತಮಿಳು ಸೀಮೆಯ ತಗ್ಗನ್ನು ಸೇರುತ್ತದೆ. ಬೇತಮಂಗಲದ ಕೆರೆಯನ್ನು ತುಂಬಿಸುವ ಪಾಲಾರ್ ನದಿಯೂ ಹೊಸಕೋಟೆಯ ಕೆರೆಯನ್ನು ತುಂಬಿಸುವ ದಕ್ಷಿಣ ಪಿನಾಕಿನಿಯೂ ಆ ತಗ್ಗಿನತ್ತಲೇ ಹರಿಯುತ್ತವೆ. ಹದಿನೆಂಟನೆಯ ಶತಮಾನದ ದಫ್ತರಗಳು ಮೇಲಿನ ನೆಲವನ್ನು ಬಾಲಾಘಾಟ್, ಅಂದರೆ ಘಟ್ಟದ ಮೇಲಿನ ಸೀಮೆ ಎಂದೂ, ಕೆಳಗಿನದನ್ನು ಪಾಯಿನ್‌ಘಾಟ್, ಅಂದರೆ ಘಟ್ಟದ ಕೆಳಗಿನ ಸೀಮೆ ಎಂದೂ ಕರೆದವು. ಮೇಲಿನವರು ಇಳಿಯಬೇಕಾದರೂ ಕೆಳಗಿನವರು ಹತ್ತಬೇಕಾದರೂ ಈ ಬಯಲನ್ನು ಹಾಯಲೇಬೇಕಾಗಿದ್ದುದರಿಂದ, ಗಂಗರ ಕಾಲದ ನಂತರ ಇದು ಯಾವ ದೊಡ್ಡ ರಾಜ್ಯದ ಕೇಂದ್ರವೂ ಆಗಲಿಲ್ಲ. ಅಕ್ಕಪಕ್ಕದ ರಾಜ್ಯಗಳು ತಂತಮ್ಮ ಬಲವನ್ನು ಅಳೆದು ನೋಡುವ, ಸಾಲಕ್ಕೆ ಒತ್ತೆಯಾಗಿ ಹಿಡಿಯುವ, ಸಂಧಿಯಾದಾಗ ಹಿಂದಿರುಗಿಸುವ ನೆಲವಾಗಿ ಉಳಿಯಿತು.

ನೆರೆಯ ರಾಜ್ಯಗಳಲ್ಲಿ ಯಾವೊಂದೂ ಉಳಿದವನ್ನು ನುಂಗುವಷ್ಟು ಬೆಳೆಯದಂತೆ ಮಿಕ್ಕವು ಕೂಡಿ ತಡೆಯುವುದನ್ನು ರಾಜ್ಯಶಾಸ್ತ್ರದವರು ಬಲಸಮತೋಲನ ಎನ್ನುತ್ತಾರೆ, ಅದು ಇರುವಷ್ಟು ಕಾಲ ಪ್ರದೇಶವೊಂದು ಸುರಕ್ಷಿತವಾಗಿರುತ್ತದೆ ಎಂದೂ ವಾದಿಸುತ್ತಾರೆ. 1761ರಿಂದ 1792ರವರೆಗಿನ ಕೋಲಾರದ ಚರಿತ್ರೆ ಈ ವಾದವನ್ನು ಒರೆಗೆ ಹಚ್ಚುತ್ತದೆ. ಆ ಮೂರು ದಶಕಗಳಲ್ಲಿ ದಕ್ಷಿಣದ ರಾಜ್ಯಗಳ ನಡುವೆ ಒಂದು ಬಗೆಯ ಸಮತೋಲನ ಇದ್ದದ್ದು ನಿಜ. ಅದರ ವೆಚ್ಚವನ್ನು ತೆತ್ತದ್ದು ಮಾತ್ರ ಪುಣೆಯೂ ಅಲ್ಲ, ಹೈದರಾಬಾದೂ ಅಲ್ಲ, ಮದರಾಸೂ ಅಲ್ಲ, ಈ ಬಯಲಿನ ರಾಗಿಯ ಹೊಲಗಳು.

ಗಡಿಯ ಈ ಪಾಡು ಹಳೆಯದು. ಗಂಗರು ತಮ್ಮನ್ನು ಕುವಲಾಲಪುರದ ಒಡೆಯರೆಂದು ಕರೆದುಕೊಂಡರು. ಕುವಲಾಲಪುರವೇ ಇಂದಿನ ಕೋಲಾರ. ಅವರ ಮಗ್ಗುಲಲ್ಲಿ ಬಾಣರೂ ನೊಳಂಬರೂ ವೈದುಂಬರೂ ಆಳುತ್ತಿದ್ದರು. ಈ ಮನೆತನಗಳು ಒಂದು ತಲೆಮಾರಿನಲ್ಲಿ ಬೀಗರಾಗಿ ಮತ್ತೊಂದರಲ್ಲಿ ಹಗೆಗಳಾಗಿ ಕಾದಾಡಿದ ಕುರುಹುಗಳು ಸೀಮೆಯ ವೀರಗಲ್ಲುಗಳಲ್ಲಿ ಉಳಿದಿವೆ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವನ್ನು ತೆರೆದರೆ ಒಂದೇ ತಾಲ್ಲೂಕಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಭಾಷೆಗಳ ಶಾಸನಗಳು ಬೆರೆತು ಸಿಗುತ್ತವೆ. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ತಮಿಳು ಶಾಸನಗಳಿವೆ. ಹನ್ನೆರಡನೆಯ ಶತಮಾನದ ಆದಿಯಲ್ಲಿ ಚೋಳರನ್ನು ಗಂಗವಾಡಿಯಿಂದ ಹೊರದೂಡಿದ ಹೊಯ್ಸಳ ವಿಷ್ಣುವರ್ಧನ ತಾನು ಗೆದ್ದ ನಾಡುಗಳ ಸಾಲಿನಲ್ಲಿ ನಂಗಲಿಯನ್ನು ಹೆಸರಿಸಿದ್ದು, ಅವನ ಶಾಸನಗಳು ರಾಜ್ಯದ ಪೂರ್ವದ ಎಲ್ಲೆಯನ್ನು ನಂಗಲಿಯ ಘಟ್ಟದಲ್ಲಿ ಗುರುತಿಸುತ್ತವೆ. ಮುಳಬಾಗಿಲು ತಾಲ್ಲೂಕಿನ ಆ ನಂಗಲಿ ಇಂದಿಗೂ ಆಂಧ್ರಪ್ರದೇಶದ ಗಡಿಗೆ ತಾಗಿದ ಊರು. ಒಂಬೈನೂರು ವರ್ಷಗಳಲ್ಲಿ ಎಷ್ಟೋ ಅರಸುಮನೆಗಳು ಅಳಿದರೂ ಎಲ್ಲೆ ಮಾತ್ರ ತಾನಿದ್ದ ಕಡೆಗೇ ಮತ್ತೆಮತ್ತೆ ಮರಳಿದೆ. 1254ರಲ್ಲಿ ಹೊಯ್ಸಳ ಸೋಮೇಶ್ವರನ ರಾಜ್ಯ ಇಬ್ಬರು ಮಕ್ಕಳಿಗೆ ಹಂಚಿಹೋದಾಗ ಕೋಲಾರದ ಸೀಮೆ ತಮಿಳು ನಾಡುಗಳೊಡನೆ ರಾಮನಾಥನ ಪಾಲಿಗೆ ಹೋಯಿತೆಂಬುದೂ ಇದರ ನಡುವಣ ಸ್ಥಿತಿಯನ್ನೇ ತೋರಿಸುತ್ತದೆ.

ವಿಜಯನಗರದ ನಂತರದ ಮಜಲುಗಳನ್ನು ಚುಟುಕಾಗಿ ಹೇಳಬಹುದು. ಸುಗಟೂರಿನ ತಮ್ಮೇಗೌಡನ ಮನೆತನದವರು ಪಾಳೆಯಗಾರರಾಗಿ, ಎಂದರೆ ದೊರೆಗೆ ದಂಡು ಒದಗಿಸುವ ಕರಾರಿನ ಮೇಲೆ ಸೀಮೆಯೊಂದನ್ನು ಆಳುವ ನಾಯಕರಾಗಿ, ಹೊಸಕೋಟೆ ಮತ್ತು ಕೋಲಾರದ ಸುತ್ತ ಬಲಿತಿದ್ದರು. 1638ರ ಸುಮಾರಿಗೆ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ ಈ ಭಾಗವನ್ನು ಗೆದ್ದ. ಬೆಂಗಳೂರು, ಹೊಸಕೋಟೆ, ಕೋಲಾರಗಳು ಶಿವಾಜಿಯ ತಂದೆ ಶಹಾಜಿಗೆ ಜಹಗೀರಾಗಿ, ಅಂದರೆ ಸೇವೆಗೆ ಪ್ರತಿಯಾಗಿ ಕಂದಾಯ ಎತ್ತಿಕೊಳ್ಳುವ ಸೀಮೆಯಾಗಿ ಸಂದವು. 1687ರಲ್ಲಿ ಮೊಗಲರು ಬಂದು ಸೀರೆಯನ್ನು, ಇಂದಿನ ಶಿರಾವನ್ನು, ಮುಖ್ಯಸ್ಥಾನ ಮಾಡಿಕೊಂಡು ಏಳು ಪರಗಣೆಗಳ ಒಂದು ಪ್ರಾಂತ ಕಟ್ಟಿದಾಗ ಕೋಲಾರವೂ ಅವುಗಳಲ್ಲಿ ಒಂದಾಯಿತು. ಆ ಪ್ರಾಂತದ ಚಾಕರಿಯಲ್ಲಿ ಕೋಲಾರದ ಫೌಜದಾರನಾಗಿದ್ದ, ಅಂದರೆ ಸೈನ್ಯವನ್ನೂ ಶಿಸ್ತನ್ನೂ ನೋಡಿಕೊಳ್ಳುವ ಅಧಿಕಾರಿಯಾಗಿದ್ದ ಫತೇ ಮಹಮ್ಮದನ ಮಗ ಬೂದಿಕೋಟೆಯಲ್ಲಿ ಹುಟ್ಟಿದ. ಅವನೇ ಹೈದರಾಲಿ.

1761ರಲ್ಲಿ ನಿಜಾಮನ ತಮ್ಮ, ಆದವಾನಿಯ ಬಸಾಲತ್ ಜಂಗನಿಂದ ಸೀರೆಯ ನವಾಬಗಿರಿಯೊಡನೆ ಕೋಲಾರದ ಸೀಮೆ ಮೈಸೂರನ್ನು ಆಳತೊಡಗಿದ್ದ ಹೈದರನ ಕೈಗೆ ಬಂದಿತು. ಅದೇ ವರ್ಷದ ಜನವರಿಯಲ್ಲಿ ಪಾಣಿಪತ್ತಿನಲ್ಲಿ ಮರಾಠರಿಗೆ ಬಿದ್ದ ಪೆಟ್ಟು ದಕ್ಷಿಣದಲ್ಲಿ ಅವನಿಗೆ ಬಿಡುವು ಕೊಟ್ಟಿತ್ತು. ಅಲ್ಲಿಂದ ಮುಂದೆ ಐದು ಶಕ್ತಿಗಳು ಈ ಬಯಲಿನ ಮೇಲೆ ಕಣ್ಣಿಟ್ಟವು. ಶ್ರೀರಂಗಪಟ್ಟಣಕ್ಕೆ ಇದು ಪೂರ್ವದ ಕಾವಲು. ಪುಣೆಯ ಪೇಶ್ವೆಗೆ ಇದು ಶಹಾಜಿಯ ಕಾಲದಿಂದ ಬಂದ ಹಕ್ಕಿನ ನೆಲ ಮತ್ತು ಚೌತಿನ, ಅಂದರೆ ಕಂದಾಯದ ನಾಲ್ಕನೆಯ ಒಂದು ಪಾಲಿನ ಮೂಲ. ಹೈದರಾಬಾದಿನ ನಿಜಾಮ ಮೊಗಲ ಬಾದಶಹನ ಹೆಸರಿನಲ್ಲಿ ಇಡೀ ದಕ್ಷಿಣಕ್ಕೆ ತಾನೇ ಒಡೆಯನೆಂದು ಹೇಳಿಕೊಳ್ಳುತ್ತಿದ್ದ. ಆರ್ಕಾಟಿನ ನವಾಬ ಮಹಮ್ಮದಾಲಿಗೆ ಘಟ್ಟದ ಮೇಲೆ ಬಲಿಷ್ಠನೊಬ್ಬನಿದ್ದರೆ ನಿದ್ದೆ ಬರುತ್ತಿರಲಿಲ್ಲ. ಅವನ ಬೆನ್ನಿಗಿದ್ದ ಮದರಾಸಿನ ಇಂಗ್ಲಿಷ್ ಕಂಪನಿಗೆ ನವಾಬನ ಭಯವೇ ಬಂಡವಾಳವಾಗಿತ್ತು. ಮಗ್ಗುಲಿನವನು ಹಗೆ, ಅವನಾಚೆಯವನು ಮಿತ್ರ ಎಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುವ ರಾಜಮಂಡಲದ ಲೆಕ್ಕವೂ ಇಲ್ಲಿ ಪೂರ್ತಿ ಹೊಂದುತ್ತಿರಲಿಲ್ಲ. ಐವರೂ ಒಬ್ಬರಿಗೊಬ್ಬರು ಒಮ್ಮೆ ಮಗ್ಗುಲಿನವರು, ಒಮ್ಮೆ ಆಚೆಯವರು.

1767ರಲ್ಲಿ ಪೇಶ್ವೆ ಮಾಧವರಾಯ ಸೀರೆ, ಮಧುಗಿರಿಗಳನ್ನು ಹಿಡಿದು ಕೋಲಾರದವರೆಗೂ ಬಂದ. ಹೈದರನ ವಕೀಲನಾಗಿ, ಅಂದರೆ ರಾಯಭಾರಿಯಾಗಿ, ಮಾತಿಗೆ ಕುಳಿತ ಅಪ್ಪಾಜಿರಾಮ ಕುದುರಿಸಿದ ಕರಾರಿನಂತೆ 35 ಲಕ್ಷ ರೂಪಾಯಿ ಕೊಡಬೇಕು, ಅರ್ಧ ಕೂಡಲೇ, ಉಳಿದರ್ಧ ಸಲ್ಲುವವರೆಗೆ ಕೋಲಾರ ಮರಾಠರ ವಶದಲ್ಲಿ ಒತ್ತೆಯಾಗಿರಬೇಕು ಎಂದಾಯಿತು. ರಾಜ್ಯಗಳ ನಡುವಣ ಸುರಕ್ಷೆ ಆಗ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಇದಕ್ಕಿಂತ ಬಿಚ್ಚುಮನಸ್ಸಿನ ದಾಖಲೆ ಸಿಗಲಾರದು. ಗೆದ್ದವನಿಗೆ ಸೋತವನನ್ನು ಅಳಿಸಿಹಾಕುವ ಇಚ್ಛೆಯಿರಲಿಲ್ಲ, ಅಳಿಸಿದರೆ ನಿಜಾಮನೋ ಕಂಪನಿಯೋ ಆ ಜಾಗಕ್ಕೆ ಬಂದು ಕೂರುತ್ತಾರೆಂಬ ಅರಿವಿತ್ತು. ಆದ್ದರಿಂದ ಸೋತವನನ್ನು ಬಡವಾಗಿಸಿ ಬಿಡುವುದೇ ನೀತಿಯಾಯಿತು, ಆ ಬಡತನ ಕಂದಾಯದ ರೂಪದಲ್ಲಿ ಇಳಿದದ್ದು ಒತ್ತೆಯ ಸೀಮೆಯ ಒಕ್ಕಲಿನ ಮೇಲೆ.

ಹಣ ಸಂದು ಕೋಲಾರ ಹಿಂದಿರುಗಿತು. ಆದರೆ ಬಿಡುವು ಒಂದು ವರ್ಷಕ್ಕೂ ಬಾಳಲಿಲ್ಲ. ಹೈದರನ ಮೇಲೆ ಕಂಪನಿಯೊಡನೆ ಕೂಡಿ ಬಂದ ನಿಜಾಮ ಅದೇ 1767ರಲ್ಲಿ ಪಕ್ಷ ಬದಲಿಸಿ ಹೈದರನೊಡನೆ ನಿಂತ. ಸೆಪ್ಟೆಂಬರಿನಲ್ಲಿ ಚೆಂಗಮ ಮತ್ತು ತಿರುವಣ್ಣಾಮಲೆಗಳಲ್ಲಿ ಇಬ್ಬರೂ ಸೋತ ಮೇಲೆ ಮತ್ತೆ ಕಂಪನಿಯ ಕಡೆಗೆ ತಿರುಗಿದ. 1768ರ ಫೆಬ್ರುವರಿಯಲ್ಲಿ ಮಚಲೀಪಟ್ಟಣದಲ್ಲಿ ಆದ ಕೌಲು, ಅಂದರೆ ಒಪ್ಪಂದ, ವಿಚಿತ್ರವಾದದ್ದು: ಹೈದರ ದಂಗೆಕೋರನೆಂದು ಸಾರಿದ ನಿಜಾಮ ಕರ್ನಾಟಕ ಬಾಲಾಘಾಟಿನ ದಿವಾನಿಯನ್ನು, ಅಂದರೆ ಕಂದಾಯ ಎತ್ತುವ ಹಕ್ಕನ್ನು, ಕಂಪನಿಗೆ ಕೊಟ್ಟ, ಕಂಪನಿ ಅವನಿಗೆ ವರ್ಷಕ್ಕೆ 7 ಲಕ್ಷ ರೂಪಾಯಿ ಕೊಡಲು ಒಪ್ಪಿ, ಮರಾಠರ ಚೌತನ್ನೂ ಸಲ್ಲಿಸಲು ಒಪ್ಪಿತು. ಕೋಲಾರವಾಗಲಿ ಮುಳಬಾಗಿಲಾಗಲಿ ಆ ದಿನ ಕೊಟ್ಟವನ ಕೈಯಲ್ಲೂ ಇರಲಿಲ್ಲ, ಪಡೆದವನ ಕೈಯಲ್ಲೂ ಇರಲಿಲ್ಲ. ಇನ್ನೂ ಗೆಲ್ಲದ ನೆಲದ ಇನ್ನೂ ಬೆಳೆಯದ ಪೈರನ್ನು ಮೂವರು ಕಾಗದದ ಮೇಲೆ ಹಂಚಿಕೊಂಡಾಗಿತ್ತು.

ಗೆಲ್ಲುವ ಕೆಲಸ ಆ ಬೇಸಗೆಯಲ್ಲಿ ನಡೆಯಿತು. ಕಂಪನಿಯ ಕರ್ನಲ್ ಜೋಸೆಫ್ ಸ್ಮಿತ್ತನ ದಂಡು ಕೋಲಾರವನ್ನು ತೆಗೆದುಕೊಂಡಿತು. ನವಾಬ ಮಹಮ್ಮದಾಲಿಯೂ, ದಂಡಿನ ಬೆನ್ನಿಗಿದ್ದು ಉಸ್ತುವಾರಿ ನೋಡಲು ಮದರಾಸು ಕಳುಹಿಸಿದ ಪ್ರತಿನಿಧಿಗಳೂ ಕೋಲಾರದಲ್ಲಿ ಬೀಡುಬಿಟ್ಟು ಹೊಸ ಸೀಮೆಯ ಕಂದಾಯಕ್ಕೆ ಕೈಹಾಕಿದರು. ಗುತ್ತಿಯ ಮುರಾರಿರಾಯ ತನ್ನ ಮರಾಠ ಕುದುರೆ ದಂಡಿನೊಡನೆ ಹೊಸಕೋಟೆಯ ಬಳಿ ಸ್ಮಿತ್ತನನ್ನು ಕೂಡಿಕೊಂಡ. ಆದರೆ ದಂಡಿಗೆ ಧಾನ್ಯ ಒದಗಿಸುವ ಹೊಣೆ ಹೊತ್ತ ನವಾಬನ ಜನ ಅದನ್ನು ಸರಿಯಾಗಿ ನಿರ್ವಹಿಸಲಿಲ್ಲ. ಕೋಟೆಗಳು ಕೈಯಲ್ಲಿದ್ದರೂ ಬಯಲು ಹೈದರನ ಸವಾರರ ಕೈಯಲ್ಲೇ ಉಳಿಯಿತು.

ಮುಳಬಾಗಿಲಿನಲ್ಲಿ 1768ರ ಅಕ್ಟೋಬರ್ 4ರಂದು ನಡೆದ ಕಾಳಗ ಈ ಯುದ್ಧದ ಸ್ವರೂಪವನ್ನು ಹತ್ತಿರದಿಂದ ತೋರಿಸುತ್ತದೆ. ಇಂಗ್ಲಿಷರು ಹಿಡಿದಿದ್ದ ಬೆಟ್ಟದ ಕೋಟೆಯನ್ನು ಹೈದರ ಮತ್ತೆ ವಶಪಡಿಸಿಕೊಂಡಿದ್ದ. ಅದನ್ನು ಬಿಡಿಸಲು ಬಂದ ಕರ್ನಲ್ ವುಡ್ ಕೆಳಗಿನ ಕೋಟೆಯನ್ನು ಹಿಡಿದನಾದರೂ ಬಂಡೆಯ ಮೇಲಿನ ಕೋಟೆಗೆ ಏಣಿ ಹಾಕುವ ಯತ್ನದಲ್ಲಿ ಸೋತ. ಅಷ್ಟರಲ್ಲಿ ಹೈದರನ ಮುಖ್ಯ ಸೈನ್ಯ ಬಂದು ಸುತ್ತುಗಟ್ಟಿತು. ಮುಳಬಾಗಿಲಿನ ಸುತ್ತ ಆನೆಗಾತ್ರದ ಕಲ್ಲುಗುಂಡುಗಳು ಒತ್ತೊತ್ತಾಗಿ ಬಿದ್ದಿವೆ. ಆ ನೆಲದಲ್ಲಿ ಸಾಲುಗಟ್ಟಿ ನಿಲ್ಲುವ ಕವಾಯತಿನ ದಂಡಿಗೆ ತನ್ನ ಬಲ ತೋರಿಸಲು ಆಗುವುದಿಲ್ಲ, ಬಂಡೆಯಿಂದ ಬಂಡೆಗೆ ಸರಿಯುವ ಬಂದೂಕಿನವನದೇ ಮೇಲುಗೈ. ವುಡ್ಡನ ಪಡೆ ಹಿಮ್ಮೆಟ್ಟತೊಡಗಿದಾಗ ಸಾಮಾನು ಸರಂಜಾಮಿನ ಕಾವಲಿಗಿದ್ದ ಕ್ಯಾಪ್ಟನ್ ಬ್ರೂಕ್ ಎರಡು ತೋಪುಗಳನ್ನು ಒಂದು ದಿಬ್ಬಕ್ಕೆ ಎಳೆಸಿ ಗುಂಡು ಹಾರಿಸುತ್ತ, ಸ್ಮಿತ್ ಬಂದ ಸ್ಮಿತ್ ಬಂದ ಎಂದು ತನ್ನವರಿಂದ ಕೂಗಿಸಿದ. ಆ ಹೆಸರು ಕೇಳಿ ಹೈದರನ ಸೈನ್ಯ ತುಸು ಹಿಂದೆ ಸರಿಯಿತು, ಅಷ್ಟರಲ್ಲಿ ವುಡ್ ತನ್ನ ಸಾಲುಗಳನ್ನು ಕೂಡಿಸಿಕೊಂಡ. ಬೆಟ್ಟದ ಮೇಲಿನ ಕೋಟೆ ಮಾತ್ರ ಹೈದರನದಾಗಿಯೇ ಉಳಿಯಿತು.

ನವೆಂಬರಿನಲ್ಲಿ ಯುದ್ಧ ಇಂದಿನ ಮಾಲೂರು ತಾಲ್ಲೂಕಿನ ದಕ್ಷಿಣದ ಅಂಚಿಗೆ ಬಂತು. ಹೈದರ ಮುತ್ತಿದ್ದ ಹೊಸೂರನ್ನು ಬಿಡಿಸಲು ಹೊರಟ ವುಡ್ ತನ್ನ ಭಾರದ ತೋಪುಗಳನ್ನೂ ಸಾಮಾನನ್ನೂ ಬಾಗಲೂರಿನಲ್ಲಿ ಬಿಟ್ಟುಹೋದ; ಹೈದರ ಅವನ ಕಣ್ಣು ತಪ್ಪಿಸಿ ಹಿಂದಿನಿಂದ ಬಂದು ಬಾಗಲೂರಿನ ಪೇಟೆಗೆ ನುಗ್ಗಿದ. ದಂಡಿನ ಬೆನ್ನಿಗಿದ್ದ ಹೆಂಗಸರು, ಮಕ್ಕಳು, ಕೂಲಿಯವರು, ದನಕರುಗಳು ಒಂದೇ ಸಮನೆ ಕೋಟೆಯ ಬಾಗಿಲಿಗೆ ಒತ್ತಿದ್ದರಿಂದ ಕತ್ತಿಗಿಂತ ಹೆಚ್ಚು ಮಂದಿ ಕಾಲ್ತುಳಿತಕ್ಕೆ ಸತ್ತರು, ತೋಪುಗಳು ಹೈದರನ ಪಾಲಾದವು. ಬಾಗಲೂರಿನಿಂದ ಕೋಲಾರಕ್ಕೆ ಹೋಗುವ ದಾರಿ ಮಾಲೂರಿನ ಸೀಮೆಯನ್ನು ಹಾದೇ ಹೋಗಬೇಕು. ಹಿಂದಿರುಗುತ್ತಿದ್ದ ವುಡ್ಡನ ಪಡೆಯನ್ನು ಹೈದರ ದಾರಿಯುದ್ದಕ್ಕೂ ಕಾಡಿ, ಮೇಜರ್ ಫಿಟ್ಜ್‌ಜೆರಾಲ್ಡ್ ನೆರವಿಗೆ ಬಂದ ಮೇಲೆಯೇ ಕೈಬಿಟ್ಟ. ಮಾಲೂರು ತಾಲ್ಲೂಕಿನ ಲಕ್ಕೂರಿನಂಥ ಊರುಗಳು ಕೌಲುಗಳಲ್ಲಿ ಹೆಸರಿಗೆ ಬರುವುದಿಲ್ಲ, ಸೇನಾಪತಿಗಳ ವರದಿಗಳಲ್ಲೂ ಬರುವುದಿಲ್ಲ. ಆದರೆ ಎರಡು ಕಡೆಯ ಸಾವಿರಾರು ಎತ್ತು ಕುದುರೆಗಳು ಆ ಕಾರ್ತಿಕದಲ್ಲಿ ಮೇಯಬೇಕಾದದ್ದು ಇಂಥ ಊರುಗಳ ಹುಲ್ಲನ್ನೇ, ದಂಡು ಹುಡುಕಿ ತೆಗೆಯುತ್ತಿದ್ದದ್ದು ಇಂಥ ಊರುಗಳ ಹಗೇವುಗಳಲ್ಲಿ, ಅಂದರೆ ನೆಲದೊಳಗಿನ ಕಣಜಗಳಲ್ಲಿ, ಹೂತಿಟ್ಟ ರಾಗಿಯನ್ನೇ. ಯುದ್ಧಗಳೆಲ್ಲ ಮುಗಿದು 1800ರಲ್ಲಿ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಘಟ್ಟ ಹತ್ತಿ ಬೇತಮಂಗಲದ ದಾರಿಯಾಗಿ ಬೆಂಗಳೂರಿಗೆ ಹೋಗುವಾಗ ಈ ಭಾಗದ ಹಳ್ಳಿಗಳಿಗೆ ಮಣ್ಣಿನ ಗೋಡೆಗಳಿದ್ದುದನ್ನು ಕಂಡ. ಬಲಸಮತೋಲನವನ್ನು ಅರಿಯಬಯಸುವವರು ಪುಣೆ ಮದರಾಸುಗಳ ಪತ್ರಗಳ ಜೊತೆಗೆ ಆ ಮಣ್ಣಿನ ಗೋಡೆಗಳನ್ನೂ ಓದಬೇಕು. ಒಕ್ಕಲಿಗರು ಯಾವ ದೊರೆಯ ರಕ್ಷಣೆಯನ್ನೂ ನಂಬದೆ ತಮ್ಮ ಕೈಯಾರೆ ಕಟ್ಟಿಕೊಂಡ ಸುರಕ್ಷೆ ಅದು.

1769ರ ಮಾರ್ಚ್ ಕೊನೆಯಲ್ಲಿ ಹೈದರ ತನ್ನ ಸವಾರರೊಡನೆ ಮದರಾಸಿನ ಬಾಗಿಲಿಗೇ ಹೋಗಿ ನಿಂತು ಏಪ್ರಿಲಿನಲ್ಲಿ ಸಂಧಿ ಬರೆಸಿಕೊಂಡ. ಕರೂರೊಂದನ್ನು ಬಿಟ್ಟು ಗೆದ್ದ ನೆಲಗಳನ್ನು ಇಬ್ಬರೂ ಹಿಂದಿರುಗಿಸಿದರು. ಸಂಧಿಯ ತಿರುಳಿದ್ದದ್ದು ಮತ್ತೊಂದು ಷರತ್ತಿನಲ್ಲಿ: ಒಬ್ಬರ ಮೇಲೆ ಮೂರನೆಯವನು ದಂಡೆತ್ತಿ ಬಂದರೆ ಇನ್ನೊಬ್ಬರು ನೆರವಾಗಬೇಕು. ದಕ್ಷಿಣದಲ್ಲಿ ಒಂದು ನೆಲೆನಿಂತ ರಕ್ಷಣಾ ವ್ಯವಸ್ಥೆ ಕಟ್ಟುವ ಅವಕಾಶ ಎಂದಾದರೂ ಇದ್ದಿದ್ದರೆ ಅದು ಇಲ್ಲೇ ಇತ್ತು. ಮರುವರ್ಷವೇ ಮಾಧವರಾಯ ಮತ್ತೆ ಬಂದು ಕೋಲಾರ, ಮುಳಬಾಗಿಲು, ನಂದಿದುರ್ಗಗಳನ್ನು ಹಿಡಿದಾಗ ಹೈದರ ಆ ಷರತ್ತನ್ನು ನೆನಪಿಸಿದ. ಮದರಾಸು ಕೈಕಟ್ಟಿ ಕುಳಿತಿತು. ನವಾಬ ಮಹಮ್ಮದಾಲಿ ಮರಾಠರ ಕಡೆಗೇ ವಾಲಬೇಕೆಂದು ಒತ್ತಾಯಿಸುತ್ತಿದ್ದ, ಇಂಗ್ಲೆಂಡಿನ ದೊರೆಯ ಪ್ರತಿನಿಧಿಯಾಗಿ ಬಂದಿದ್ದ ಜಾನ್ ಲಿಂಡ್ಸೆಯೂ ಅದಕ್ಕೆ ದನಿಗೂಡಿಸಿದ. ಹೈದರ ಪೂರ್ತಿ ಸೋಲುವುದೂ ಬೇಡ, ಪೂರ್ತಿ ಗೆಲ್ಲುವುದೂ ಬೇಡ ಎಂಬ ಎಣಿಕೆಯಲ್ಲಿ ಮದರಾಸಿನ ಕೌನ್ಸಿಲ್ ಕೊಟ್ಟ ಮಾತನ್ನು ಮರೆಯಿತು. 1771ರ ಮಾರ್ಚಿನಲ್ಲಿ ಚಿನಕುರಳಿಯಲ್ಲಿ ಹೈದರನ ಸೈನ್ಯ ಮರಾಠ ಸೇನಾಪತಿ ತ್ರಿಂಬಕರಾಯನ ಮುಂದೆ ನುಚ್ಚುನೂರಾಯಿತು, 1772ರ ಸಂಧಿಯಲ್ಲಿ ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಸೀರೆಗಳು ಮರಾಠರಿಗೇ ಉಳಿದವು. ಅದೇ ನವೆಂಬರಿನಲ್ಲಿ ಮಾಧವರಾಯ ತೀರಿಕೊಂಡು, ಮರುವರ್ಷ ಅವನ ತಮ್ಮ ನಾರಾಯಣರಾಯನ ಕೊಲೆಯಾಗಿ, ಪುಣೆಯ ಮನೆಯೊಳಗೇ ಬೆಂಕಿ ಹತ್ತಿದ್ದರಿಂದ ಹೈದರ ಅವನ್ನೆಲ್ಲ ಮತ್ತೆ ಗಳಿಸಿಕೊಂಡ. ಆದರೆ ಕಂಪನಿಯ ಮಾತಿಗೆ ಬೆಲೆಯಿಲ್ಲವೆಂಬ ಪಾಠವನ್ನು ಅವನು ಸಾಯುವವರೆಗೆ ಮರೆಯಲಿಲ್ಲ, 1780ರಲ್ಲಿ ಮರಾಠರನ್ನೂ ನಿಜಾಮನನ್ನೂ ಕೂಡಿಕೊಂಡು ಆರ್ಕಾಟಿಗೆ ಇಳಿದದ್ದರ ಹಿಂದೆ ಆ ಕಹಿಯೇ ಇತ್ತು.

ಆ ಕೂಟವೂ ನಿಲ್ಲಲಿಲ್ಲ. ನಿಜಾಮ ಬೇಗನೆ ಸರಿದುಕೊಂಡ. ಮರಾಠರು 1782ರ ಮೇ ತಿಂಗಳಲ್ಲಿ ಸಾಲ್ಬಾಯಿಯಲ್ಲಿ ಕಂಪನಿಯೊಡನೆ ಬೇರೆ ಸಂಧಿ ಮಾಡಿಕೊಂಡರು. ಅದೇ ವರ್ಷದ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರ ತೀರಿಕೊಂಡಾಗ, ಮಗ ಟಿಪ್ಪು ಮಲಬಾರಿನಿಂದ ಬರುವವರೆಗೆ ಸಾವಿನ ಸುದ್ದಿ ಹೊರಬೀಳದಂತೆ ದೇಹವನ್ನು ಗುಟ್ಟಾಗಿ ಘಟ್ಟ ಹತ್ತಿಸಿ ಕೋಲಾರದಲ್ಲಿ ಫತೇ ಮಹಮ್ಮದನ ಗೋರಿಯ ಬಳಿ ಇರಿಸಿದರು. ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಆಮೇಲೆ.

ಎಂಟು ವರ್ಷಗಳ ನಂತರ ಕೂಟದ ದಿಕ್ಕು ಪೂರ್ತಿ ತಿರುಗಿತ್ತು. 1790ರ ಜೂನ್ ಮತ್ತು ಜುಲೈಗಳಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಪುಣೆಯೊಡನೆಯೂ ಹೈದರಾಬಾದಿನೊಡನೆಯೂ ಟಿಪ್ಪುವಿನ ವಿರುದ್ಧ ಕೌಲು ಮಾಡಿಕೊಂಡ. ಹಿಂದಿನಿಂದ ಹಿಮ್ಮಡಿ ಹಿಡಿಯುವ ಹಗೆಯನ್ನು ಅರ್ಥಶಾಸ್ತ್ರ ಪಾರ್ಷ್ಣಿಗ್ರಾಹ ಎನ್ನುತ್ತದೆ; ಟಿಪ್ಪುವಿಗೆ ಅಂಥವರು ಒಬ್ಬರಲ್ಲ, ಇಬ್ಬರಾದರು. 1791ರ ಫೆಬ್ರುವರಿಯಲ್ಲಿ ಕಾರ್ನ್‌ವಾಲಿಸ್ ಆಂಬೂರಿನ ದಾರಿ ಹಿಡಿಯುವಂತೆ ತೋರಿಸಿಕೊಂಡು, ಟಿಪ್ಪು ಕಾದಿರದ ಮೊಗಿಲಿ ಘಟ್ಟವನ್ನು ಹತ್ತಿ ಪಲಮನೇರಿಗೆ ಬಂದ. ವಿಷ್ಣುವರ್ಧನ ಎಲ್ಲೆಯೆಂದು ಗುರುತಿಸಿದ್ದ ನಂಗಲಿಯ ಕಡೆಯಿಂದಲೇ ಈ ದಂಡೂ ಬಯಲಿಗೆ ಕಾಲಿಟ್ಟಿತು. ಕೋಲಾರವೂ ಹೊಸಕೋಟೆಯೂ ಕಾದದೆ ಶರಣಾದವು, ಮಾರ್ಚ್ 21ರಂದು ಬೆಂಗಳೂರಿನ ಕೋಟೆ ಬಿದ್ದಿತು. 1792ರ ಮಾರ್ಚಿನ ಶ್ರೀರಂಗಪಟ್ಟಣದ ಸಂಧಿಯಂತೆ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಈ ಸಲ ಒತ್ತೆಯಾಗಿ ಹೋದವರು ಅವನ ಇಬ್ಬರು ಮಕ್ಕಳು. ಕೋಲಾರ ಮೈಸೂರಿಗೆ ಮರಳಿತು. 1767ರಿಂದ ಲೆಕ್ಕ ಹಿಡಿದರೆ ಇಪ್ಪತ್ತೈದು ವರ್ಷಗಳಲ್ಲಿ ಸೀಮೆ ಎಂಟು ಸಲ ಒಡೆಯರನ್ನು ಬದಲಿಸಿತ್ತು.

ಈ ಸಮತೋಲನ ಏಕೆ ಮುರಿಯಿತೆಂಬುದಕ್ಕೆ ಟಿಪ್ಪುವಿನ ದುಡುಕನ್ನೋ ನಿಜಾಮನ ಚಂಚಲತೆಯನ್ನೋ ಕಾರಣವಾಗಿ ಕೊಡುವುದು ವಾಡಿಕೆ. ಅದು ಸಾಲದು. ಮೈಸೂರು, ಪುಣೆ, ಹೈದರಾಬಾದುಗಳ ಬಲ ಇದೇ ನೆಲದ ಕಂದಾಯದಿಂದ ಹುಟ್ಟಿ ಇದೇ ನೆಲದ ಮೇಲೆ ಖರ್ಚಾಗುತ್ತಿತ್ತು. ಒಂದು ಬರಗಾಲ, ಒಬ್ಬ ದೊರೆಯ ಸಾವು, ಒಂದು ಮನೆಯೊಳಗಿನ ಜಗಳ ಅದನ್ನು ಕುಗ್ಗಿಸುತ್ತಿತ್ತು, ಹಾಗೆ ಕುಗ್ಗಿದಾಗ ಮತ್ತೊಬ್ಬರು ಏಳುತ್ತಿದ್ದರು, ತಕ್ಕಡಿ ತೂಗುತ್ತಿದ್ದುದು ಹೀಗೆ. ಕಂಪನಿಯ ಬಲಕ್ಕೆ ಬಂಗಾಳದ ಕಂದಾಯವೂ ಕಡಲಿನಾಚೆಯ ಸಾಲವೂ ಒತ್ತಾಸೆಯಾಗಿದ್ದವು, ಅದರ ಗವರ್ನರು ಸತ್ತರೆ ಪಟ್ಟಕ್ಕೆ ಜಗಳವಾಗುತ್ತಿರಲಿಲ್ಲ. ಹಳೆಯ ಹಗೆಯೇ ದೊಡ್ಡ ಹಗೆಯೆಂದು ಎಣಿಸಿದ ಪುಣೆ ಮತ್ತು ಹೈದರಾಬಾದುಗಳಿಗೆ ಈ ವ್ಯತ್ಯಾಸ ಕಾಣಲಿಲ್ಲ, ಕಂಡವರ ಮಾತು ನಡೆಯಲಿಲ್ಲ. 1798ರಲ್ಲಿ ನಿಜಾಮನೂ 1802ರಲ್ಲಿ ಪೇಶ್ವೆಯೂ ಕಂಪನಿಯ ಸಹಾಯಕ ಸೈನ್ಯವನ್ನು ತಮ್ಮ ಖರ್ಚಿನಲ್ಲಿ ಸಾಕುವ ಕರಾರಿಗೆ ಸಹಿ ಹಾಕಿದರು. ನಡುವೆ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಿತ್ತು.

1799ರ ಹಂಚಿಕೆಯಲ್ಲಿ ಕೋಲಾರ, ಮಾಲೂರುಗಳು ಒಡೆಯರ ಮೈಸೂರಿಗೂ ಹೊಸೂರು ಸೇಲಂ ಜಿಲ್ಲೆಯ ಭಾಗವಾಗಿ ಕಂಪನಿಗೂ ಹೋದವು. ಬಾಗಲೂರು ಒಂದು ಕಡೆ, ಲಕ್ಕೂರು ಮತ್ತೊಂದು ಕಡೆ ಆಗಿ, ಒಂದೇ ಸಂತೆಗೆ ಹೋಗುವ ನೆಂಟರಿಷ್ಟರ ನಡುವೆ ಎರಡು ಸರ್ಕಾರಗಳು ಬಂದವು. 1956ರ ರಾಜ್ಯ ಪುನರ್ವಿಂಗಡಣೆಯೂ ಆ ಗೆರೆಯನ್ನು ಅಲ್ಲೇ ಬಿಟ್ಟಿತು. ದಂಡುಗಳ ಓಡಾಟ ನಿಂತ ಮೇಲೆ ಮೇಲಿನ ಸೀಮೆ ಕೆಳಗಿನ ಸೀಮೆಗಳ ಹಗ್ಗಜಗ್ಗಾಟ ನೀರಿನ ಮೇಲೆ ಮುಂದುವರಿಯಿತು. 1892ರಲ್ಲಿ ಮದರಾಸು ಮತ್ತು ಮೈಸೂರು ಸರ್ಕಾರಗಳ ನಡುವೆ ಆದ ಒಪ್ಪಂದ ಪಾಲಾರ್, ದಕ್ಷಿಣ ಪಿನಾಕಿನಿಗಳೂ ಸೇರಿದಂತೆ ಪಟ್ಟಿಮಾಡಿದ ನದಿಗಳಿಗೆ ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟಬಾರದೆಂದು ವಿಧಿಸಿತು. ದಕ್ಷಿಣ ಪಿನಾಕಿನಿಯ ಉಪನದಿಯಾದ ಮಾರ್ಕಂಡೇಯಕ್ಕೆ ಬಂಗಾರಪೇಟೆ ತಾಲ್ಲೂಕಿನ ಯರಗೋಳದಲ್ಲಿ ಕರ್ನಾಟಕ ಕಟ್ಟತೊಡಗಿದ ಅಣೆಕಟ್ಟೆಯ ವಿರುದ್ಧ ತಮಿಳುನಾಡು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗಲೂ ಆ ಒಪ್ಪಂದದ ಮಾತು ಬಂತು. 2019ರ ನವೆಂಬರಿನಲ್ಲಿ ನ್ಯಾಯಾಲಯ ತಮಿಳುನಾಡಿನ ಅರ್ಜಿಯನ್ನು ತಳ್ಳಿಹಾಕಿತು. ಆ ಕಟ್ಟೆಯ ನೀರು ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳ ಕುಡಿಯುವ ನೀರಿಗೆಂದು ಮೀಸಲಾದದ್ದು.